ತಪ್ಪು ಉತ್ತರಕ್ಕೂ ಒಂದು ಮಾತು: ಆನ್‌ಲೈನ್ ಪಾಠಕ್ಕೆ ಅಭ್ಯಾಸ ಕಟ್ಟುವ ಬಗೆ

ಯಕ್ಷಗಾನದ ಹೆಜ್ಜೆ ಕಲಿಸುವವರನ್ನು ನೋಡಿದ್ದೀರಲ್ಲ? ಹುಡುಗ ತಾಳ ತಪ್ಪಿದಲ್ಲೇ ಗುರುಗಳು ನಿಲ್ಲಿಸುತ್ತಾರೆ, ಎಡವಿದ ಹೆಜ್ಜೆಯನ್ನು ತಾವೇ ಹಾಕಿ ತೋರಿಸುತ್ತಾರೆ, ಮತ್ತೆ ಕುಣಿಸುತ್ತಾರೆ. ಕುಣಿತ ಮುಗಿದ ಮೇಲೆ ಹತ್ತಕ್ಕೆ ಆರು ಅಂಕ ಕೊಟ್ಟು ಮನೆಗೆ ಕಳಿಸುವುದಿಲ್ಲ. ಆನ್‌ಲೈನ್ ಪಾಠದಲ್ಲಿ ನಾವು ಹೆಚ್ಚಾಗಿ ಮಾಡುವುದು ಅದನ್ನೇ.

2020ರಲ್ಲಿ ಶಾಲೆ ಮುಚ್ಚಿದಾಗ ನಾನೂ ಮೂವತ್ತು ಪ್ರಶ್ನೆಗಳ ಗೂಗಲ್ ಫಾರ್ಮ್ ಕಳಿಸಿದ್ದೆ. ರಾತ್ರಿಯೊಳಗೆ ಇಡೀ ತರಗತಿಗೆ 30ಕ್ಕೆ 30. ಮೊದಲು ಮುಗಿಸಿದವನ ಸ್ಕ್ರೀನ್‌ಶಾಟ್ ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿತ್ತು. ನಾನು ಅಂಕ ಕೇಳಿದ್ದೆ, ಮಕ್ಕಳು ಅಂಕ ಕೊಟ್ಟಿದ್ದರು. ಅಭ್ಯಾಸ ಬೇಕಿದ್ದರೆ ಕಟ್ಟುವ ಕ್ರಮವೇ ಬೇರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮಕ್ಕಳಿಗೆ ಗೊತ್ತಿರುವ ಸಂಗತಿಗಳನ್ನೇ ಇಟ್ಟುಕೊಂಡು ಆ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಹಂತ 1: ಮಗು ಏನು ಮಾಡಬೇಕು ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ

"ಅನುಪಾತ ಅರ್ಥವಾಗಬೇಕು" ಎಂದರೆ ಸಾಲದು. "ಒಂದು ಅಳತೆ ಕೊಟ್ಟರೆ ಬೇರೆ ಅಳತೆಗೆ ಲೆಕ್ಕ ಹಾಕಬೇಕು" ಎಂದು ಬರೆಯಿರಿ. ಒಂದು ಅಭ್ಯಾಸಕ್ಕೆ ಒಂದೇ ಗುರಿ, ಐದಾರು ಪ್ರಶ್ನೆ ಸಾಕು.

ಹಂತ 2: ಮಕ್ಕಳ ಅಂಗಳದಿಂದ ಪ್ರಶ್ನೆ ಆರಿಸಿ

ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಕೊಳೆರೋಗದ ಮದ್ದು ಬಿಡುವುದನ್ನು ನೋಡದ ಮಗು ಇಲ್ಲಿ ಅಪರೂಪ. ಶೇಕಡಾ 1ರ ಬೋರ್ಡೋ ದ್ರಾವಣದ 100 ಲೀಟರಿಗೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ. ಹಾಗಾದರೆ 250 ಲೀಟರಿಗೆ ಮೈಲುತುತ್ತು ಎಷ್ಟು? ಪ್ರಶ್ನೆ ಸಿದ್ಧ.

ಹಂತ 3: ತಪ್ಪುಗಳನ್ನು ಹಳೆಯ ನೋಟ್‌ಬುಕ್ಕಿನಿಂದ ಹೆಕ್ಕಿ

ಕೆಲಸದ ತಿರುಳು ಇಲ್ಲಿದೆ. ತಪ್ಪು ಆಯ್ಕೆಗಳನ್ನು ಬಾಯಿಗೆ ಬಂದ ಸಂಖ್ಯೆಗಳಿಂದ ತುಂಬಬೇಡಿ. ಒಂದೊಂದು ತಪ್ಪಿನ ಹಿಂದೆ ಒಂದೊಂದು ಯೋಚನೆ ಇರಲಿ:

- ಅ) 2 ಕೆ.ಜಿ. 500 ಗ್ರಾಂ: ಸರಿ.
- ಆ) 151 ಕೆ.ಜಿ.: 100ರಿಂದ 250ಕ್ಕೆ 150 ಹೆಚ್ಚು, ಆದ್ದರಿಂದ 1ಕ್ಕೂ 150 ಕೂಡಿಸಿದವರು.
- ಇ) 25 ಕೆ.ಜಿ.: 100ರಿಂದ ಭಾಗಿಸುವ ಬದಲು 10ರಿಂದ ಭಾಗಿಸಿದವರು.
- ಈ) 2 ಕೆ.ಜಿ. 5 ಗ್ರಾಂ: 2.5 ಎಂದು ಸರಿಯಾಗಿ ತೆಗೆದು, ಬಿಂದುವಿನ ಆಚೆಯ 5ನ್ನು ಗ್ರಾಂ ಎಂದು ಓದಿದವರು.

ಈಗ ಮಗು ಯಾವುದನ್ನು ಒತ್ತಿದರೂ ಅದರ ತಲೆಯಲ್ಲಿ ಏನು ನಡೆದಿದೆ ಎಂದು ನಿಮಗೆ ತಿಳಿಯುತ್ತದೆ.

ಹಂತ 4: ಪ್ರತಿ ತಪ್ಪಿಗೂ ಎರಡು ಸಾಲು ಬರೆಯಿರಿ

"ತಪ್ಪು, ಮತ್ತೆ ಪ್ರಯತ್ನಿಸಿ" ಎಂದರೆ ಯಾರಿಗೂ ಉಪಯೋಗವಿಲ್ಲ. ಉತ್ತರವನ್ನೂ ಬಿಟ್ಟುಕೊಡಬೇಡಿ. "ಆ" ಒತ್ತಿದವರಿಗೆ: "200 ಲೀಟರ್ ಎಂದರೆ ನೂರರ ಡ್ರಮ್ಮು ಎರಡು. ಒಂದೊಂದಕ್ಕೂ ಎಷ್ಟೆಷ್ಟು ಹಾಕುತ್ತೀಯ? ಉಳಿದ ಅರ್ಧ ಡ್ರಮ್ಮಿಗೆ?" "ಈ" ಒತ್ತಿದವರಿಗೆ: "ಲೆಕ್ಕ ಸರಿಯಾಗಿಯೇ ಇದೆ. ಅರ್ಧ ಕೆ.ಜಿ. ಸಕ್ಕರೆ ಕೇಳಿದರೆ ಅಂಗಡಿಯವರು ಎಷ್ಟು ಗ್ರಾಂ ತೂಗುತ್ತಾರೆ?" ಎದುರಿಗೆ ಕೂತ ಮಗುವಿಗೆ ಹೇಳುವ ದನಿಯಲ್ಲೇ ಬರೆಯಿರಿ.

ಹಂತ 5: ಫಾರ್ಮಿನಲ್ಲಿ ಕವಲು ಹಾಕಿ

ಗೂಗಲ್ ಫಾರ್ಮಿನ ಕ್ವಿಜ್ ವ್ಯವಸ್ಥೆಯಲ್ಲಿ ಎಲ್ಲ ತಪ್ಪು ಉತ್ತರಗಳಿಗೂ ಒಂದೇ ಟಿಪ್ಪಣಿ. ಅದೂ ಕಾಣುವುದು ಸಬ್ಮಿಟ್ ಆದ ಮೇಲೆ. ಆದ್ದರಿಂದ ಹೀಗೆ ಮಾಡಿ:

1. ಪ್ರಶ್ನೆ ಮೊದಲ ಸೆಕ್ಷನ್ನಿನಲ್ಲಿರಲಿ. ಪ್ರತಿ ತಪ್ಪಿಗೂ ಒಂದು, ಸರಿಯುತ್ತರಕ್ಕೆ ಒಂದು ಹೊಸ ಸೆಕ್ಷನ್ ಸೇರಿಸಿ.
2. ಪ್ರಶ್ನೆಯ ಕೆಳಗಿನ ಮೂರು ಚುಕ್ಕಿ ಒತ್ತಿ 'ಗೋ ಟು ಸೆಕ್ಷನ್ ಬೇಸ್ಡ್ ಆನ್ ಆನ್ಸರ್' ಆರಿಸಿ. ಪ್ರತಿ ಆಯ್ಕೆಯ ಎದುರು ಅದರ ಸೆಕ್ಷನ್ ತೋರಿಸಿ.
3. ತಪ್ಪಿನ ಸೆಕ್ಷನ್ನಿನಲ್ಲಿ ನಿಮ್ಮ ಎರಡು ಸಾಲು, ಅದರ ಕೆಳಗೆ ಹೊಸ ಸಂಖ್ಯೆಯ ಪ್ರಶ್ನೆ: "150 ಲೀಟರಿಗೆ ಎಷ್ಟು?" ಮಗುವನ್ನು ಮೊದಲ ಪ್ರಶ್ನೆಗೇ ಹಿಂದೆ ಕಳಿಸಿದರೆ ತಿದ್ದಿದ ಉತ್ತರ ಮಾತ್ರ ದಾಖಲಾಗುತ್ತದೆ, ಎಡವಿದ ಜಾಗ ನಿಮಗೆ ಕಾಣುವುದಿಲ್ಲ.
4. ಪ್ರತಿ ಸೆಕ್ಷನ್ನಿನ ಕೊನೆಯಲ್ಲಿ ಮುಂದೆ ಎಲ್ಲಿಗೆ ಹೋಗಬೇಕೆಂದು ಗುರುತಿಸಿ. ಮರೆತರೆ "ಆ" ಒತ್ತಿದ ಮಗು "ಇ"ಯ ವಿವರಣೆಗೆ ಹೋಗಿ ಬೀಳುತ್ತದೆ.
5. ಅಂಕ ಬೇಡ. ಒಬ್ಬರಿಗೆ ಒಂದೇ ಸಲ ಎಂಬ ಮಿತಿಯೂ ಬೇಡ. ಒಂದೇ ಫೋನಿನಲ್ಲಿ ಅಕ್ಕ, ತಮ್ಮ ಇಬ್ಬರೂ ಕಲಿಯುವ ಮನೆಗಳಿವೆ.

ಹಂತ 6: ಪಾಠಕ್ಕೆ ತಕ್ಕ ರೂಪ ಕೊಡಿ

ಎಲ್ಲವನ್ನೂ ನಾಲ್ಕು ಆಯ್ಕೆಗಳಿಗೆ ಇಳಿಸಬೇಡಿ. ಕೆಲವು ಪಾಠ ಕೇಳುವುದು ಕ್ರಮವನ್ನು. ನೇತ್ರಾವತಿ ಹರಿಯುವ ದಾರಿಯಲ್ಲಿ ಬಂಟ್ವಾಳ, ಧರ್ಮಸ್ಥಳ, ತುಂಬೆ, ಉಪ್ಪಿನಂಗಡಿಗಳನ್ನು ಸಾಲಾಗಿ ಇಡಿಸಬಹುದು. ಮೂಡುಬಿದಿರೆಯ ಸಾವಿರ ಕಂಬದ ಬಸದಿ (1430), ವೇಣೂರಿನ ಬಾಹುಬಲಿ (1604), ಗಡಾಯಿಕಲ್ಲಿನ ಜಮಾಲಾಬಾದ್ ಕೋಟೆ (1794), ಇವನ್ನು ಇಸವಿ ಹೇಳದೆ ಜೋಡಿಸಲು ಕೊಡಬಹುದು. ಫಾರ್ಮಿನಲ್ಲಿ ಇದಕ್ಕೆ 'ಮಲ್ಟಿಪಲ್ ಚಾಯ್ಸ್ ಗ್ರಿಡ್' ಇದೆ. ಎಳೆದು ಕೂರಿಸುವಂಥದ್ದೇ ಬೇಕಾದರೆ ಎಚ್‌ಫೈವ್‌ಪಿ ಎಂಬ ಮುಕ್ತ ತಂತ್ರಾಂಶ ಉಂಟು.

ಇನ್ನು ಕೆಲವು ಪಾಠ ಕೇಳುವುದು ಕಾರಣವನ್ನು. ತೋಟದಲ್ಲಿ ಮದ್ದು ಹದವಾಗಿದೆಯೇ ಎಂದು ನೋಡಲು ಹೊಳೆಯುವ ಕಬ್ಬಿಣದ ಕತ್ತಿ ಅದ್ದುತ್ತಾರೆ. ಅಲಗಿಗೆ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಬೇಕು. ಕತ್ತಿಯ ಫೋಟೋ ಕಳಿಸಿ, "ಈ ಕೆಂಪು ಎಲ್ಲಿಂದ ಬಂತು?" ಎಂದು ಕೇಳಿ. ಉತ್ತರ ಹತ್ತನೇ ತರಗತಿಯ ಸ್ಥಾನಪಲ್ಲಟ ಕ್ರಿಯೆ: ಕಬ್ಬಿಣ ದ್ರಾವಣಕ್ಕೆ ಇಳಿದು ತಾಮ್ರವನ್ನು ಹೊರಗೆ ತಂದಿದೆ. ಸುಣ್ಣ ಸಾಕಷ್ಟಿದ್ದರೆ ಹಾಗೆ ಹೊರಬರಲು ತಾಮ್ರ ಬಿಡಿಯಾಗಿ ಉಳಿದಿರುವುದಿಲ್ಲ. ಇದಕ್ಕೆ ಆಯ್ಕೆ ಕೊಡಬೇಡಿ. ಬರೆಯಲಿ, ಇಲ್ಲವೇ ವಾಯ್ಸ್ ಮೆಸೇಜಿನಲ್ಲಿ ಹೇಳಲಿ.

ಹಂತ 7: ನೆಟ್‌ವರ್ಕ್ ಇಲ್ಲದ ಮನೆಗೂ ದಾರಿ ಮಾಡಿ

ಸಿಗ್ನಲ್ ಹುಡುಕಿ ಮಕ್ಕಳು ಗುಡ್ಡ ಹತ್ತಿದ್ದನ್ನು ಕಂಡಿದ್ದೇವೆ. ಜುಲೈ ಮಳೆಗೆ ಕರೆಂಟೂ ಹೋಗುತ್ತದೆ. ಕವಲಿನ ಅಭ್ಯಾಸವನ್ನು ಕಾಗದದಲ್ಲೂ ಮಾಡಬಹುದು: "ಉತ್ತರ ಆ ಆದರೆ 3ನೇ ಪುಟ ನೋಡು." ಫಾರ್ಮಿನಲ್ಲಿ ವಿಡಿಯೊ ತುರುಕಬೇಡಿ, ಫೋಟೋ ಸಣ್ಣದಿರಲಿ. ಅಪ್ಪ ಕೆಲಸದಿಂದ ಬಂದ ಮೇಲೆಯೇ ಎಷ್ಟೋ ಮಕ್ಕಳ ಕೈಗೆ ಫೋನ್ ಸಿಗುವುದು, ಗಡುವು ಮರುದಿನ ರಾತ್ರಿಯವರೆಗಿರಲಿ.

ಹಂತ 8: ಕಳಿಸುವ ಮೊದಲು ಒಂದು ಮಗುವಿನ ಪಕ್ಕ ಕೂರಿ

ಮಗು ಮಾಡುತ್ತಿರುವಾಗ ನೀವು ಬಾಯಿ ಬಿಡಬೇಡಿ. ಎಲ್ಲಿ ತಡೆಯುತ್ತದೆ, ಯಾವ ವಾಕ್ಯವನ್ನು ಎರಡು ಸಲ ಓದುತ್ತದೆ ಎಂದು ನೋಡಿ. ತುಳು, ಬ್ಯಾರಿ, ಕೊಂಕಣಿ ಮನೆಮಾತಿನ ಮಗು ಪುಸ್ತಕದ ಕನ್ನಡಕ್ಕೇ ಎಡವಿರಬಹುದು. ಹಾಗಾದಲ್ಲಿ ತಿದ್ದಬೇಕಾದ್ದು ನಿಮ್ಮ ವಾಕ್ಯ.

ಎರಡು ದಿನ ಬಿಟ್ಟು ಫಾರ್ಮಿನ ಶೀಟ್ ತೆರೆಯಿರಿ. ಒಟ್ಟು ಎಷ್ಟು ಸರಿ ಎಂದು ಎಣಿಸುವ ಮೊದಲು 151 ಕೆ.ಜಿ. ಒತ್ತಿದವರು ಎಷ್ಟು ಮಂದಿ, ಅವರಲ್ಲಿ 150 ಲೀಟರಿನ ಲೆಕ್ಕ ಸರಿ ಮಾಡಿದವರು ಎಷ್ಟು ಮಂದಿ ಎಂದು ನೋಡಿ. ಎರಡನೆಯ ಸಲವೂ ಎಡವಿದವರ ಹೆಸರು ಬರೆದುಕೊಳ್ಳಿ. ಮುಂದಿನ ತರಗತಿಯ ಮೊದಲ ಹತ್ತು ನಿಮಿಷ ಅವರದ್ದು.