ಮಂಜುಗಡ್ಡೆ ರಸ್ತೆಯಲ್ಲಿ ಜೀವ ಉಳಿದ ಮೇಲೆ: ಕೃತಜ್ಞತೆಯನ್ನು ಕೆಲಸಕ್ಕಿಳಿಸುವ ಬಗೆ

ಹಿಮ, ಮಂಜುಗಡ್ಡೆ ಕವಿದ ರಸ್ತೆಗಳ ಅಪಘಾತಗಳಲ್ಲಿ ಅಮೆರಿಕದಲ್ಲಿ ವರ್ಷಕ್ಕೆ ಸರಾಸರಿ 1,300ಕ್ಕೂ ಹೆಚ್ಚು ಮಂದಿ ಸಾಯುತ್ತಾರೆ, 1,16,000ಕ್ಕೂ ಹೆಚ್ಚು ಮಂದಿ ಗಾಯಗೊಳ್ಳುತ್ತಾರೆ ಎನ್ನುತ್ತದೆ ಅಲ್ಲಿನ ಫೆಡರಲ್ ಹೆದ್ದಾರಿ ಆಡಳಿತದ ಅಂದಾಜು. ಸುದ್ದಿಯಾಗುವುದು ಮೊದಲ ಸಂಖ್ಯೆ. ಈ ಲೇಖನ ಎರಡನೆಯ ಸಂಖ್ಯೆಯೊಳಗಿರುವವರಿಗಾಗಿ. ಸತ್ತವರು ಒಬ್ಬರಾದರೆ ಗಾಯಗೊಂಡು ಬದುಕಿದವರು ಸುಮಾರು ತೊಂಬತ್ತು ಮಂದಿ. ಮಿನ್ನೆಸೋಟ, ಮಿಷಿಗನ್, ಇಲಿನಾಯ್, ಕೆನಡಾದ ಒಂಟಾರಿಯೊ ಕಡೆಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳೂ ಈ ಅಪಾಯದ ಹೊರಗಿಲ್ಲ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುವ ನೆಮ್ಮದಿ ಆ ಹೊತ್ತಿಗೆ ಸಹಜವಾದದ್ದೇ. ಆದರೆ ಆ ನೆಮ್ಮದಿ ಬಹಳ ಬೇಗ ಆರುತ್ತದೆ. ಅದು ಬಿಸಿಯಾಗಿರುವಾಗ ಮಾಡಬೇಕಾದ ಕೆಲವು ಕೆಲಸಗಳಿವೆ, ಅವುಗಳಿಗೊಂದು ಕ್ರಮವೂ ಇದೆ. ಕೃತಜ್ಞತೆ ಎಂದರೆ ಆ ಕೆಲಸಗಳೇ ಎಂಬುದು ನನ್ನ ವಾದ.

ಮೊದಲು, ಯಾರಿಗೆ ಕೃತಜ್ಞರಾಗಿರಬೇಕು ಎಂಬುದು ಸ್ಪಷ್ಟವಾಗಲಿ. ಅಲ್ಲಿನ ಜನ ಬ್ಲ್ಯಾಕ್ ಐಸ್ ಎನ್ನುವುದು ಡಾಂಬರಿನ ಮೇಲೆ ತೆಳ್ಳಗೆ ಕಟ್ಟಿಕೊಳ್ಳುವ, ಗಾಜಿನಷ್ಟು ಪಾರದರ್ಶಕವಾದ ಪದರವನ್ನು. ಮೇಲಿನಿಂದ ನೋಡಿದರೆ ಬರಿಯ ಒದ್ದೆ ರಸ್ತೆ. ಸೇತುವೆಗಳಿಗೆ ಕೆಳಗಿನಿಂದಲೂ ತಣ್ಣನೆಯ ಗಾಳಿ ತಾಗುವುದರಿಂದ ಅಲ್ಲಿ ಇದು ಬೇರೆಡೆಗಿಂತ ಮೊದಲೇ ಕಟ್ಟುತ್ತದೆ. ಅದರ ಮೇಲೆ ಸ್ಟೀರಿಂಗ್ ತಿರುಗಿಸಿದರೂ ಕಾರು ತಿರುಗದು, ಬ್ರೇಕ್ ಒತ್ತಿದರೂ ನಿಲ್ಲದು. ಅಂಥ ಜಾರಿನಿಂದ ಒಬ್ಬರು ಜೀವಂತ ಹೊರಬಂದರೆ ‘ಅದೃಷ್ಟ’ ಎಂದು ಬಿಡುತ್ತೇವೆ. ಆ ಅದೃಷ್ಟದ ಒಳಗೆ ಮನುಷ್ಯರ ಕೈಗಳು ಎಷ್ಟಿವೆ ನೋಡಿ. ಎದೆ ಮತ್ತು ಸೊಂಟ ಎರಡನ್ನೂ ಹಿಡಿಯುವ ಮೂರು ಬಿಂದುಗಳ ಸೀಟ್ ಬೆಲ್ಟನ್ನು 1959ರಲ್ಲಿ ವೋಲ್ವೋ ಕಂಪನಿಯಲ್ಲಿ ರೂಪಿಸಿದವರು ನಿಲ್ಸ್ ಬೋಲಿನ್. ಕಂಪನಿ ಆ ಪೇಟೆಂಟನ್ನು ಬೇರೆ ತಯಾರಕರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಕಾರಿನ ಮುಂದಿನ ಸೀಟಿನಲ್ಲಿ ಕೂತವರಿಗೆ ಮಾರಣಾಂತಿಕ ಗಾಯವಾಗುವ ಸಂಭವವನ್ನು ಬೆಲ್ಟ್ ಶೇ 45ರಷ್ಟು ತಗ್ಗಿಸುತ್ತದೆ ಎನ್ನುತ್ತದೆ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ. ಜಾರುವ ಕಾರಿನ ಒಂದೊಂದೇ ಚಕ್ರಕ್ಕೆ ತಾನಾಗಿ ಬ್ರೇಕ್ ಹಾಕಿ ದಾರಿಗೆ ತರುವ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ ಅಲ್ಲಿ 2012ರ ಮಾದರಿಯಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ. ಇವುಗಳ ಜತೆಗೆ ತಡೆಬೇಲಿ ನೆಟ್ಟವರಿದ್ದಾರೆ, ನಸುಕಿನಲ್ಲಿ ಹಿಮ ತಳ್ಳಿ ಉಪ್ಪು ಸುರಿದ ಚಾಲಕರಿದ್ದಾರೆ, ಆಂಬುಲೆನ್ಸಿನವರಿದ್ದಾರೆ.

ದೇವರು ಕಾಪಾಡಿದ ಎಂದು ನಂಬುವವರಿಗೆ ಇದು ಒಣ ಲೆಕ್ಕವೆನಿಸಬಹುದು. ಅವರ ನಂಬಿಕೆಗೂ ಈ ಲೆಕ್ಕಕ್ಕೂ ನನಗೆ ಜಗಳ ಕಾಣುವುದಿಲ್ಲ. ಹರಕೆ ಹೊತ್ತವರು ಮನಸ್ಸಿನಲ್ಲೇ ಕೈಮುಗಿದು ಸುಮ್ಮನಾಗುವುದಿಲ್ಲ. ಮನೆದೇವರ ಸನ್ನಿಧಿಗೆ ಹೋಗಿ, ಹೇಳಿಕೊಂಡದ್ದನ್ನು ಒಪ್ಪಿಸುವ ತನಕ ಹರಕೆ ತೀರಿತು ಎನ್ನುವವರು ನಮ್ಮಲ್ಲಿ ಯಾರೂ ಇಲ್ಲ. ಅಂದರೆ ಕೃತಜ್ಞತೆಯನ್ನು ಕೆಲಸದಿಂದ ಅಳೆಯುವ ಪದ್ಧತಿ ನಮ್ಮದೇ. ದೇವರ ಸಹಾಯ ಯಾರ ಕೈಯಿಂದ ಬಂತೋ ಆ ಕೈಗಳಿಗೂ ಸಲ್ಲಬೇಕಾದದ್ದನ್ನು ಸಲ್ಲಿಸೋಣ ಎಂದಷ್ಟೇ ನಾನು ಹೇಳುತ್ತಿರುವುದು.

ಮೊದಲ ಕೆಲಸ ಸ್ಥಳದಲ್ಲೇ ಇದೆ. ನಿಮ್ಮನ್ನು ಜಾರಿಸಿದ ಮಂಜುಗಡ್ಡೆ ಇನ್ನೂ ಅಲ್ಲೇ ಇರುತ್ತದೆ, ಹಿಂದೆ ಬರುವವರನ್ನೂ ಜಾರಿಸುತ್ತದೆ. 2021ರ ಫೆಬ್ರುವರಿ 11ರಂದು ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ಮಂಜುಗಡ್ಡೆ ಕಟ್ಟಿದ ಹೆದ್ದಾರಿಯಲ್ಲಿ 130ಕ್ಕೂ ಹೆಚ್ಚು ವಾಹನಗಳು ಒಂದರ ಮೇಲೊಂದು ಬಂದು ಗುದ್ದಿ ಆರು ಜನ ಸತ್ತದ್ದು ಹೀಗೆಯೇ. ಆದ್ದರಿಂದ ಹಿಂದಿನಿಂದ ವಾಹನಗಳು ಬರುತ್ತಿದ್ದರೆ, ಬೆಂಕಿ ಹೊಗೆ ಕಾಣದಿದ್ದರೆ, ಬೆಲ್ಟ್ ಬಿಚ್ಚದೆ ಕಾರಿನೊಳಗೇ ಇರಿ. ಫೋಟೊ ತೆಗೆಯಲು ರಸ್ತೆಗಿಳಿಯಬೇಡಿ. ಹಜಾರ್ಡ್ ಲೈಟ್ ಹಾಕಿ 911ಕ್ಕೆ ಕರೆ ಮಾಡಿ. ರಸ್ತೆ ಪಕ್ಕದ ಪುಟ್ಟ ಹಸಿರು ಮೈಲಿ ಫಲಕದ ಸಂಖ್ಯೆ ಕಂಡರೆ ಓದಿ ಹೇಳಿ, ಸೇತುವೆಯ ಮೇಲೆ ಮಂಜುಗಡ್ಡೆ ಕಟ್ಟಿದೆ ಎಂಬುದನ್ನೂ ಸೇರಿಸಿ. ಉಪ್ಪಿನ ಗಾಡಿ ಎಲ್ಲಿಗೆ ಬರಬೇಕು ಎಂದು ತಿಳಿಯುವುದು ಆ ಒಂದು ಮಾತಿನಿಂದ. ಕಾರು ಹಿಮದ ರಾಶಿಯಲ್ಲಿ ಹೂತಿದ್ದರೆ ಹೊಗೆಕೊಳವೆಯ ಬಾಯಿ ಬಿಡಿಸದೆ ಎಂಜಿನ್ ಹಚ್ಚಬೇಡಿ, ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬುತ್ತದೆ. ಬಿಡಿಸಿದ ಮೇಲೂ ಗಂಟೆಗೆ ಹತ್ತು ನಿಮಿಷ ಎಂಜಿನ್ ಓಡಿಸಿದರೆ ಸಾಕು.

ಎರಡನೆಯ ಕೆಲಸ ವೈದ್ಯರಿಗೆ ತೋರಿಸಿಕೊಳ್ಳುವುದು. ಇದನ್ನೇ ಹೆಚ್ಚು ಜನ ತಪ್ಪಿಸುವುದು, ಅದಕ್ಕೆ ಕಾರಣ ಕೃತಜ್ಞತೆಯೇ. ‘ದೇವರ ದಯೆ, ನಮಗೇನೂ ಆಗಿಲ್ಲ’ ಎಂದು ಎಲ್ಲರೂ ಮನೆಗೆ ಹೋಗಿ ಕಾಫಿ ಕುಡಿದು ಮಲಗುತ್ತಾರೆ. ಗಾಬರಿಯಲ್ಲಿ ಮೈಯಲ್ಲಿ ಏರುವ ಅಡ್ರಿನಲಿನ್ ನೋವನ್ನು ಮರೆಸುತ್ತದೆ. ಕತ್ತಿನ ಉಳುಕು ಮರುದಿನ ಬೆಳಿಗ್ಗೆ ಗೊತ್ತಾಗುವುದು ಮಾಮೂಲಿ. ಹೊಟ್ಟೆಯ ಮೇಲೆ ಅಡ್ಡಲಾಗಿ ಬೆಲ್ಟಿನ ಅಚ್ಚು ಕಂದಿದ್ದರೆ ಒಳಗೂ ಏಟು ಬಿದ್ದಿರಬಹುದು, ಆ ರಾತ್ರಿಯೇ ತೋರಿಸಬೇಕು. ತಲೆನೋವು ಏರುತ್ತಾ ಹೋಗುವುದು, ಮೇಲಿಂದ ಮೇಲೆ ವಾಂತಿ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಮಾತು ತೊದಲುವುದು, ಎಬ್ಬಿಸಿದರೂ ಏಳದಷ್ಟು ಮಂಪರು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಓಡಬೇಕು. ಊರಿಂದ ಬಂದ ಅಪ್ಪ ಅಮ್ಮ ಕಾರಿನಲ್ಲಿದ್ದರೆ ಇನ್ನಷ್ಟು ಎಚ್ಚರ ಬೇಕು. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಹಿರಿಯರಿಗೆ ತಲೆಗೆ ಸಣ್ಣ ಏಟಾದರೂ ಮಿದುಳಿನಲ್ಲಿ ರಕ್ತ ಜಿನುಗುವ ಅಪಾಯವಿದೆ. ‘ನನಗೆ ಏನೂ ಇಲ್ಲ ಕಣಪ್ಪಾ, ಸುಮ್ಮನೆ ಯಾಕೆ ಡಾಲರ್ ಸುರೀತೀಯ’ ಎನ್ನುವ ಅವರ ಮಾತನ್ನು ಆ ಒಂದು ದಿನ ಕೇಳಬೇಡಿ. ಅವರ ಮಾತ್ರೆಯ ಚೀಟಿಯನ್ನು ನರ್ಸ್ ಕೈಗೆ ಕೊಡಿ. ಖರ್ಚಿನ ಆಕ್ಷೇಪ ಸುಳ್ಳಲ್ಲ, ಅಮೆರಿಕದ ತುರ್ತು ಚಿಕಿತ್ಸೆ ದುಬಾರಿಯೇ. ಆದರೆ ಮಿನ್ನೆಸೋಟದಂಥ ರಾಜ್ಯಗಳಲ್ಲಿ ತಪ್ಪು ಯಾರದೇ ಇರಲಿ, ಕಾರಿನ ವಿಮೆಯೇ ಚಿಕಿತ್ಸೆಯ ವೆಚ್ಚ ಭರಿಸುವ ವ್ಯವಸ್ಥೆ ಇದೆ. ಅಲ್ಲಿ ಅದರ ಕನಿಷ್ಠ ಮೊತ್ತ 20,000 ಡಾಲರ್. ಪಾಲಿಸಿಯ ಆ ಪುಟವನ್ನು ಚಳಿಗಾಲಕ್ಕೆ ಮೊದಲೇ ಓದಿಟ್ಟುಕೊಂಡರೆ ಅಪಘಾತದ ರಾತ್ರಿ ಹಣದ ಲೆಕ್ಕ ಹಾಕುತ್ತಾ ಕೂರಬೇಕಾಗಿಲ್ಲ.

ಮನಸ್ಸಿನ ಗಾಯಕ್ಕೂ ಇದೇ ಮಾತು. ‘ಬದುಕಿದ್ದೀಯಲ್ಲ, ಇನ್ನೇನು ಬೇಕು, ಖುಷಿಯಾಗಿರು’ ಎಂಬ ಸಮಾಧಾನ ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ನಿದ್ದೆಯಲ್ಲಿ ಬೆಚ್ಚಿಬೀಳುತ್ತಿರುವವನಿಗೆ ಅದು ಬಾಯಿ ಮುಚ್ಚಿಸುವ ಮಾತು. ಕೃತಜ್ಞತೆಯನ್ನು ಹೇರಬಾರದು ಎಂಬ ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಇದರ ಇನ್ನೊಂದು ತುದಿಯೂ ಅಪಾಯಕರವೇ: ನಡೆದದ್ದನ್ನು ಕೂಡಲೇ ಬಿಡಿಸಿ ಬಿಡಿಸಿ ಹೇಳಿಸುವುದು. ರಸ್ತೆ ಅಪಘಾತದಿಂದ ಆಸ್ಪತ್ರೆ ಸೇರಿದವರಿಗೆ ಒಂದೇ ಬಾರಿ ಹೀಗೆ ಎಲ್ಲವನ್ನೂ ಹೇಳಿಸುವ ಸಮಾಲೋಚನೆ ನೀಡಿ, ಮೂರು ವರ್ಷಗಳ ನಂತರ ಮತ್ತೆ ಪರೀಕ್ಷಿಸಿದ ಆಕ್ಸ್‌ಫರ್ಡ್ ಸಂಶೋಧಕರಾದ ಮೇಯೊ, ಏಲರ್ಸ್, ಹಾಬ್ಸ್ 2000ದಲ್ಲಿ ಪ್ರಕಟಿಸಿದ ಫಲಿತಾಂಶ ಗಮನಾರ್ಹ. ಆರಂಭದಲ್ಲೇ ಹೆಚ್ಚು ನೊಂದಿದ್ದವರಲ್ಲಿ, ಸಮಾಲೋಚನೆ ಪಡೆಯದವರು ಚೇತರಿಸಿಕೊಂಡಿದ್ದರು, ಪಡೆದವರು ಹಾಗೆಯೇ ಉಳಿದಿದ್ದರು. ಹಾಗಾಗಿ ಜತೆಗಿರಿ, ಊಟ ಕೊಡಿ, ಅವರಾಗಿ ಮಾತು ತೆಗೆದರೆ ಕೇಳಿ. ದುಃಸ್ವಪ್ನ, ಕಾರು ಕಂಡರೆ ನಡುಕ, ಎಲ್ಲಕ್ಕೂ ಬೆಚ್ಚುವುದು ಒಂದು ತಿಂಗಳು ದಾಟಿದರೂ ಇಳಿಯದಿದ್ದರೆ ತಜ್ಞರನ್ನು ಕಾಣಬೇಕು. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಇನ್ನು ಧನ್ಯವಾದ. ಮೈ ಮನಸ್ಸು ಒಂದಿಷ್ಟು ಸ್ಥಿಮಿತಕ್ಕೆ ಬಂದ ಮೇಲೆ, ಎರಡು ಮೂರು ವಾರಗಳೊಳಗೆ, ಪತ್ರಗಳನ್ನು ಬರೆಯಿರಿ. ಪೊಲೀಸ್ ಅಪಘಾತ ವರದಿಯಲ್ಲಿ ಅಧಿಕಾರಿಯ ಹೆಸರಿರುತ್ತದೆ. ಆಂಬುಲೆನ್ಸ್ ಕಳಿಸಿದ ಅಗ್ನಿಶಾಮಕ ಠಾಣೆಗೆ ದಿನ, ವೇಳೆ, ಜಾಗ ತಿಳಿಸಿದರೆ ಯಾವ ತಂಡ ಬಂದಿತ್ತೆಂದು ಅವರೇ ಗುರುತಿಸುತ್ತಾರೆ. ‘ತುಂಬಾ ಥ್ಯಾಂಕ್ಸ್’ ಎಂದು ಬರೆದರೆ ಸಾಲದು. ‘ಕಾರು ಕಂದಕದಲ್ಲಿ ವಾಲಿದ್ದಾಗ ನೀವು ಒಡೆದ ಕಿಟಕಿಯಿಂದ ಕೈ ಚಾಚಿ ನನ್ನ ತಾಯಿಯ ಕತ್ತು ಅಲುಗದಂತೆ ಹಿಡಿದಿದ್ದಿರಿ, ಇವತ್ತು ಅವರು ತಾವೇ ನಡೆದು ಅಡುಗೆಮನೆಗೆ ಹೋದರು’ ಎಂಬಷ್ಟು ನಿಖರವಾಗಿರಲಿ. ಪತ್ರದ ಒಂದು ಪ್ರತಿಯನ್ನು ಆ ಇಲಾಖೆಯ ಮುಖ್ಯಸ್ಥರಿಗೂ ಕಳಿಸಿ, ಅವರ ಸೇವಾ ಕಡತಕ್ಕೆ ಅದು ಸೇರಬಹುದು. ನಗದು, ದುಬಾರಿ ಉಡುಗೊರೆ ಬೇಡ, ಸರ್ಕಾರಿ ನೌಕರರು ಅದನ್ನು ಪಡೆಯುವಂತಿಲ್ಲದಿರುವುದೇ ಹೆಚ್ಚು. ಗಾಡಿ ಎಳೆದೊಯ್ದ ಟೋ ಟ್ರಕ್ಕಿನವನನ್ನು ಮರೆಯಬೇಡಿ. ಜಾರುವ ರಸ್ತೆಯ ಅಂಚಿನಲ್ಲಿ, ಹರಿಯುವ ವಾಹನಗಳಿಗೆ ಬೆನ್ನು ಹಾಕಿ ಮಂಡಿಯೂರಿ ಕೊಕ್ಕೆ ಸಿಕ್ಕಿಸುವವನು ಅವನು. ಅಂಥವರನ್ನು ಕಂಡಾಗ ಪಕ್ಕದ ಪಥಕ್ಕೆ ಸರಿಯಬೇಕು, ಇಲ್ಲವೇ ವೇಗ ತಗ್ಗಿಸಬೇಕು ಎಂಬ ಕಾನೂನು ಅಮೆರಿಕದ ಎಲ್ಲ 50 ರಾಜ್ಯಗಳಲ್ಲಿದೆ.

‘ಅವರು ಸಂಬಳಕ್ಕೆ ಕೆಲಸ ಮಾಡಿದರು, ಪತ್ರ ಬರೆದರೆ ವಿಚಿತ್ರವಾಗಿ ಕಾಣದೇ’ ಎಂದು ಹಿಂಜರಿಯುವವರಿದ್ದಾರೆ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಪರೀಕ್ಷಿಸಿದ್ದು ಇಂಥದ್ದೇ ಹಿಂಜರಿಕೆಯನ್ನು. ಕೃತಜ್ಞತೆಯ ಪತ್ರ ಬರೆದವರು, ಓದುವವರಿಗೆ ಮುಜುಗರವಾದೀತೆಂದು ಇದ್ದುದಕ್ಕಿಂತ ಹೆಚ್ಚು ಅಂದಾಜಿಸಿದ್ದರು, ಅವರಿಗಾಗುವ ಸಂತೋಷವನ್ನು ಇದ್ದುದಕ್ಕಿಂತ ಕಡಿಮೆ ಅಂದಾಜಿಸಿದ್ದರು. ಮಿನ್ನೆಸೋಟದ ಸಾರಿಗೆ ಇಲಾಖೆ ಕೆಲವು ವರ್ಷಗಳಿಂದ ಹಿಮ ತಳ್ಳುವ ಗಾಡಿಗಳಿಗೆ ಹೆಸರಿಡುವ ಸ್ಪರ್ಧೆಯನ್ನೇ ನಡೆಸುತ್ತಿದೆ, ಜನ ಉತ್ಸಾಹದಿಂದ ಹೆಸರು ಕಳಿಸಿ ಮತ ಹಾಕುತ್ತಾರೆ. ಮುಖ ಕಾಣದ ಚಾಲಕರ ಕೆಲಸವನ್ನು ಊರಿನ ಮಾತಿಗೆ ತಂದ ಕ್ರಮವದು, ನನಗಂತೂ ಬಹಳ ಮೆಚ್ಚುಗೆಯಾಗಿದೆ.

ಎಲ್ಲಕ್ಕಿಂತ ಕಷ್ಟದ ಆಕ್ಷೇಪವೊಂದಿದೆ. ಅದೇ ಅಪಘಾತದಲ್ಲಿ ಇನ್ನೊಬ್ಬರು ಸತ್ತಿದ್ದರೆ? ಸ್ಟೀರಿಂಗ್ ಹಿಡಿದವರು ನೀವೇ ಆಗಿದ್ದರೆ? ಆಗ ಕೃತಜ್ಞತೆ ಎಂಬ ಮಾತೇ ಬಾಯಿಗೆ ಬರದು, ಬರಬೇಕಾಗಿಯೂ ಇಲ್ಲ. ಉಳಿದದ್ದಕ್ಕೆ ನೆಮ್ಮದಿ, ಹೋದವರಿಗೆ ಸಂಕಟ, ಎರಡೂ ಒಟ್ಟಿಗೆ ಇರಬಲ್ಲವು. ಒಂದು ಇನ್ನೊಂದನ್ನು ಅಳಿಸಬೇಕಿಲ್ಲ. ಆದರೆ ನಜ್ಜುಗುಜ್ಜಾದ ಕಾರಿನ ಚಿತ್ರ ಹಾಕಿ ‘ದೇವರ ಕೃಪೆಯಿಂದ ನಾವೆಲ್ಲ ಪಾರು’ ಎಂದು ಜಾಲತಾಣದಲ್ಲಿ ಬರೆಯುವ ಮುನ್ನ ಎದುರಿನ ಕಾರಿನವರು ಆ ಹೊತ್ತಿಗೆ ಎಲ್ಲಿದ್ದಾರೆ ಎಂದು ಯೋಚಿಸಿ. ಅವರ ಮನೆಯವರು ಆ ಸಾಲನ್ನು ಓದಿದರೆ, ನಮ್ಮ ಮೇಲೆ ಆ ಕೃಪೆ ಇರಲಿಲ್ಲವೇ ಎಂದೇ ಕೇಳಿಕೊಳ್ಳುತ್ತಾರೆ. ಬಂಧುಗಳಿಗೆ ಫೋನಿನಲ್ಲಿ ತಿಳಿಸಿ, ಸಾಕು.

ಕೊನೆಯ ಕೆಲಸ ಮುಂದಿನ ಪ್ರಯಾಣಕ್ಕೆ ಸಂಬಂಧಿಸಿದ್ದು, ಇದನ್ನು ಕಾಗದದ ಮೇಲೆ ಬರೆದು ದಿನಾಂಕ ಹಾಕಿಡಿ ಎಂದು ಒತ್ತಾಯಿಸಲು ಕಾರಣವಿದೆ. ಸಾವಿನ ಅಂಚಿಗೆ ಹೋಗಿ ಬಂದವರು ‘ನಾನು ಬದಲಾಗಿದ್ದೇನೆ, ಬದುಕಿನ ಬೆಲೆ ಗೊತ್ತಾಗಿದೆ’ ಎನ್ನುವುದುಂಟು. ಮಿನ್ನೆಸೋಟ ವಿಶ್ವವಿದ್ಯಾಲಯದ ಪೆಟ್ರಿಷಿಯಾ ಫ್ರೇಜಿಯರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಘಾತಕ್ಕೆ ಮೊದಲು ಮತ್ತು ನಂತರ ಜನರನ್ನು ಅಳೆದು ನೋಡಿದಾಗ, ಬದಲಾಗಿದ್ದೇವೆ ಎಂಬ ಅವರ ಅನಿಸಿಕೆಗೂ ನಿಜವಾದ ಬದಲಾವಣೆಗೂ ಹೆಚ್ಚಿನ ತಾಳೆ ಕಾಣಲಿಲ್ಲ. ಭಾವ ಪ್ರಾಮಾಣಿಕವೇ ಇರಬಹುದು, ಆದರೆ ಅದು ತಾನಾಗಿ ಹೋಗಿ ಟೈರ್ ಬದಲಿಸುವುದಿಲ್ಲ. ಎಚ್ಚರಿಕೆ ಬೇರೂರಲು ಅಪಘಾತದ ನೆನಪೊಂದೇ ಸಾಲದು ಎಂದೇ ನಾನು ತಿಳಿಯುತ್ತೇನೆ.

ಆ ಪಟ್ಟಿಯಲ್ಲಿ ಮೊದಲು ಮಗುವಿನ ಸೀಟು ಬರಲಿ. ಮಧ್ಯಮ ಅಥವಾ ಜೋರಾದ ಅಪಘಾತ ಕಂಡ ಸೀಟನ್ನು, ಮೇಲೆ ಬಿರುಕು ಕಾಣದಿದ್ದರೂ, ಬದಲಿಸಬೇಕು ಎನ್ನುವುದು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಸೂಚನೆ. ಹಳೆಯದನ್ನು ಬೇರೆಯವರಿಗೆ ದಾನ ಮಾಡಬೇಡಿ. ಹೊಸ ಸೀಟಿನಲ್ಲಿ ದಪ್ಪ ಜಾಕೆಟ್ ತೊಡಿಸಿ ಪಟ್ಟಿ ಬಿಗಿಯಬೇಡಿ. ಗುದ್ದಿದಾಗ ಜಾಕೆಟ್ಟಿನೊಳಗಿನ ಗಾಳಿ ಕುಗ್ಗಿ ಪಟ್ಟಿ ಸಡಿಲವಾಗುತ್ತದೆ. ಪಟ್ಟಿ ಬಿಗಿದ ಮೇಲೆ ಜಾಕೆಟ್ಟನ್ನು ಹೊದಿಸಿ. ಏರ್‌ಬ್ಯಾಗ್ ಬಿಚ್ಚಿಕೊಂಡ ಕಾರನ್ನು ಮತ್ತೆ ಓಡಿಸುವುದಾದರೆ ಸೀಟ್ ಬೆಲ್ಟುಗಳನ್ನೂ ಪರೀಕ್ಷಿಸಿ ಬದಲಿಸಿದ್ದಾರೆಯೇ ಎಂದು ಗ್ಯಾರೇಜಿನಲ್ಲಿ ಕೇಳಿ. ಉಪ್ಪಿನ ಮೇಲೆ ಪೂರ್ತಿ ಭರವಸೆ ಬೇಡ, ಉಷ್ಣಾಂಶ ಸುಮಾರು ಮೈನಸ್ 9 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಮಾಮೂಲಿ ಉಪ್ಪಿನ ಕೆಲಸ ನಿಧಾನವಾಗುತ್ತದೆ. ರಸ್ತೆ ಒದ್ದೆಯಾಗಿ ಹೊಳೆಯುತ್ತಿದ್ದು ಮುಂದಿನ ವಾಹನದ ಚಕ್ರದಿಂದ ನೀರು ಸಿಡಿಯುತ್ತಿಲ್ಲವಾದರೆ ಅದು ಮಂಜುಗಡ್ಡೆಯೆಂದೇ ತಿಳಿಯಿರಿ. ಕ್ರೂಸ್ ಕಂಟ್ರೋಲ್ ಆರಿಸಿ, ವೇಗ ಮೆಲ್ಲಗೆ ಇಳಿಸಿ.

ಊರಿನಲ್ಲಿರುವ ಮನೆಯವರು ಹರಕೆ ತೀರಿಸುವಾಗ ಇನ್ನೊಂದನ್ನೂ ಸೇರಿಸಿಕೊಳ್ಳಬಹುದು. ಅಲ್ಲಿ ತಮ್ಮ ಮಕ್ಕಳನ್ನು ಎತ್ತಿದ ಅಪರಿಚಿತರಿಗೆ ಪ್ರತಿಯಾಗಿ, ಇಲ್ಲಿ ರಸ್ತೆಯಲ್ಲಿ ಬಿದ್ದವರನ್ನು ಎತ್ತುವುದು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್, ಕೋರ್ಟು ಎಂದು ಅಲೆಯಬೇಕಾದೀತೆಂಬ ಹೆದರಿಕೆಗೆ ಈಗ ಆಧಾರವಿಲ್ಲ. ನೆರವಾದವರಿಗೆ ರಕ್ಷಣೆ ಕೊಡುವ ಕಾಯ್ದೆಯನ್ನು ಕರ್ನಾಟಕ 2016ರಲ್ಲೇ ರೂಪಿಸಿತು, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ಅಂಥ ರಕ್ಷಣೆಯನ್ನು ದೇಶಕ್ಕೆಲ್ಲ ಅನ್ವಯಿಸಿತು.

ಮುಂದಿನ ಪ್ರಯಾಣದ ಆ ಪಟ್ಟಿಯಲ್ಲಿ ಉಳಿದದ್ದು ಟೈರು. ಎಲ್ಲ ಕಾಲಕ್ಕೂ ಆಗುವ ಟೈರಿನ ರಬ್ಬರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗಿ ಹಿಡಿತ ಕಳೆದುಕೊಳ್ಳತೊಡಗುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ಕಾನೂನು ಕೇಳದ ರಾಜ್ಯಗಳಲ್ಲೂ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳು ಇರುವ ಗುರುತು ನೋಡಿ ಕೊಳ್ಳಿ, ನಾಲ್ಕೂ ಚಕ್ರಕ್ಕೆ ಹಾಕಿಸಿ. ಅಕ್ಟೋಬರ್ ಮುಗಿಯುವುದರೊಳಗೆ ಅಂಗಡಿಯಲ್ಲಿ ದಿನ ಗೊತ್ತುಮಾಡಿಕೊಳ್ಳಿ. ಮೊದಲ ಹಿಮ ಬಿದ್ದ ಮೇಲೆ ಹೋದರೆ ಎಲ್ಲರೂ ಅಲ್ಲೇ ಇರುತ್ತಾರೆ.