ಹಸುಗಳಿಗೆ ಹಲಸಿನ ಹಣ್ಣು

ಚಾರ್ಮಾಡಿ ಘಟ್ಟದ ಬುಡದ ತೋಟಗಳಲ್ಲಿ ಮಳೆ ಹಿಡಿಯುತ್ತಲೇ ಹಲಸು ಉದುರತೊಡಗುತ್ತದೆ. ತಿಂದು ಮಿಕ್ಕಿದ್ದು ಹಟ್ಟಿಗೆ ಹೋಗುವುದು ವಾಡಿಕೆ. ಅದು ತಪ್ಪಲ್ಲ, ಅಪಾಯವಿರುವುದು ಪ್ರಮಾಣದಲ್ಲಿ. ಬಕ್ಕೆಯಾಗಲಿ ತುಳುವೆಯಾಗಲಿ, ಹಣ್ಣಿನ ಸಕ್ಕರೆಯು ಹಸುವಿನ ಮೊದಲ ಹೊಟ್ಟೆಯಲ್ಲಿ ಬೇಗನೆ ಹುದುಗಿ ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಆಗ ಹುಲ್ಲನ್ನು ಜೀರ್ಣಿಸುವ ಸೂಕ್ಷ್ಮಾಣುಗಳು ಸಾಯುತ್ತವೆ. ಮೆಲುಕು ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ, ಸಗಣಿ ನೀರಾಗಿ ಹುಳಿ ನಾರುತ್ತದೆ, ಹಸು ಸಾಯಲೂಬಹುದು.

ಮೊದಲು ಬೈಹುಲ್ಲು ಹಾಕಿ, ಅನಂತರ ಕೆಲವೇ ಸೊಳೆಗಳನ್ನು ಕೊಡಬೇಕು. ಮರದಡಿ ಬಿಟ್ಟ ದನ ಎಷ್ಟು ತಿಂದಿತೆಂದು ಯಾರಿಗೂ ತಿಳಿಯದು. ಆದುದರಿಂದ ಬಿದ್ದ ಹಣ್ಣನ್ನು ದಿನವೂ ಬೆಳಿಗ್ಗೆಯೇ ಹೆಕ್ಕಿ ತೆಗೆಯತಕ್ಕದ್ದು.

ಹೆಚ್ಚು ತಿಂದುದು ಗೊತ್ತಾದೊಡನೆ, ಲಕ್ಷಣಗಳಿಗೆ ಕಾಯದೆ, ಹಿಂಡಿಯನ್ನೂ ನಿಲ್ಲಿಸಿ ಪಶುವೈದ್ಯರನ್ನು ಕರೆಸಬೇಕು. ಅಡಿಗೆ ಸೋಡಾದ ಅಳತೆಯನ್ನು ಅವರಿಂದಲೇ ತಿಳಿಯುವುದು ಲೇಸು. ನೆಲಹಿಡಿದ ಹಸುವಿಗೆ ಗೊಟ್ಟದಿಂದ ಏನನ್ನೂ ಕುಡಿಸಕೂಡದು. ಅದು ಶ್ವಾಸಕೋಶಕ್ಕೆ ಇಳಿದೀತು.