ಫೀನಿಕ್ಸ್ ಗಿರಣಿಯೂ ಗಿರಣಗಾಂವೂ

ಪೀಠಿಕೆ

ಇತಿಹಾಸವೆಂದರೆ ಅರಸುಮನೆತನಗಳ ವೃತ್ತಾಂತ, ಕೋಟೆಕೊತ್ತಲಗಳ ವರ್ಣನೆ ಎಂದು ತಿಳಿಯುವುದು ನಮ್ಮಲ್ಲಿ ಬಹುದಿನಗಳಿಂದ ಬಂದ ರೂಢಿ. ಆದರೆ ಪೇಟೆಗೂ ಇತಿಹಾಸವುಂಟು. ಪೇಟೆ ನಿಂತ ನೆಲಕ್ಕಂತೂ ಅದಕ್ಕಿಂತಲೂ ಹಳೆಯ ಇತಿಹಾಸವುಂಟು. ಇಂದು ದೊಡ್ಡ ನಗರಗಳಲ್ಲಿ ಹಳೆಯ ಸಂತೆಪೇಟೆಗಳ ಸ್ಥಾನವನ್ನು ಬಹುಮಟ್ಟಿಗೆ ಹಿಡಿದಿರುವ 'ಮಾಲ್' ಎಂಬ ಬೃಹತ್ ಮಳಿಗೆಯನ್ನು ನೋಡಿದವರಿಗೆ, ಅದು ನಿನ್ನೆ ಮೊನ್ನೆ ಹುಟ್ಟಿದ್ದು, ಅದಕ್ಕೆ ಹಿಂದು ಮುಂದು ಇಲ್ಲ ಎಂದು ತೋರುವುದು ಸಹಜ. ಈ ಭಾವನೆ ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಒಂದು ಉದಾಹರಣೆಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮುಂಬಯಿಯ ಲೋವರ್ ಪರೇಲ್ ಭಾಗದಲ್ಲಿ, ಸೇನಾಪತಿ ಬಾಪಟ್ ಮಾರ್ಗದ ಮೇಲೆ ಒಂದು ಪ್ರಸಿದ್ಧ ಮಾಲ್ ಇದೆ. ಹಲವು ವರ್ಷ 'ಹೈ ಸ್ಟ್ರೀಟ್ ಫೀನಿಕ್ಸ್' ಎಂದು ಹೆಸರಾಗಿದ್ದ ಅದಕ್ಕೆ ಈಗ 'ಫೀನಿಕ್ಸ್ ಪಲೇಡಿಯಂ' ಎಂಬ ಹೆಸರು. ಅದರ ಅಂಗಳದಲ್ಲಿ ಹೊಳೆಯುವ ಗಾಜಿನ ಅಂಗಡಿಗಳ ನಡುವೆ ಎತ್ತರವಾದ ಹಳೆಯ ಹೊಗೆಕೊಳವೆಯೊಂದು ನಿಂತಿದೆ. ಅದರಿಂದ ಹೊಗೆ ಏಳುವುದು ನಿಂತು ಎಷ್ಟೋ ಕಾಲವಾಯಿತು. ಅಂಗಡಿಗಳ ನಡುವೆ ಈ ಚಿಮಣಿ ಏಕೆ ಎಂಬ ಒಂದು ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಸುಮಾರು ಒಂದೂವರೆ ಶತಮಾನದ ಕಥೆ ತೆರೆದುಕೊಳ್ಳುತ್ತದೆ.

ಗಿರಣಗಾಂವ್ ಬೆಳೆದ ಬಗೆ

ಮುಂಬಯಿಯಲ್ಲಿ ಮೊದಲ ಹತ್ತಿ ಗಿರಣಿಯ ಕಂಪನಿಯನ್ನು 1854ರಲ್ಲಿ ಸ್ಥಾಪಿಸಿದವರು ಕಾವಸಜೀ ನಾನಾಭಾಯಿ ದಾವರ್ ಎಂಬ ಪಾರಸಿ ವ್ಯಾಪಾರಿಗಳು. ತಾರದೇವ್‌ನಲ್ಲಿದ್ದ ಆ ಗಿರಣಿ 1856ರಲ್ಲಿ ನೂಲು ತೆಗೆಯಲಾರಂಭಿಸಿತು. ಮುಂದೆ 1861ರಿಂದ 1865ರವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ಕಡಿಮೆಯಾಯಿತು. ಭಾರತದ ಹತ್ತಿಗೆ ಚಿನ್ನದ ಬೆಲೆ ಬಂದಿತು. ಈ ವ್ಯಾಪಾರದಲ್ಲಿ ನಮ್ಮ ನಾಡಿನ ಪಾಲೂ ಇತ್ತೆಂಬುದು ಗಮನಾರ್ಹ. ಧಾರವಾಡ ಸೀಮೆಯ ಹತ್ತಿ ಚಕ್ಕಡಿಗಳಲ್ಲಿ ಘಟ್ಟ ಇಳಿದು, ಕುಮಟೆಯ ಬಂದರಿನಿಂದ ಹಡಗೇರಿ ಮುಂಬಯಿಗೆ ಹೋಗುತ್ತಿತ್ತು. ಆ ಬಂದರಿನ ಹೆಸರಿನಿಂದಲೇ ಪೇಟೆಯಲ್ಲಿ ಒಂದು ಜಾತಿಯ ಹತ್ತಿಗೆ 'ಕುಮಟಾ' ಎಂಬ ಹೆಸರು ನಿಂತಿತು. ಹತ್ತಿಯ ವ್ಯಾಪಾರದಲ್ಲಿ ಕೂಡಿಬಂದ ಹಣ ಬರಬರುತ್ತ ಗಿರಣಿಗಳ ಕಡೆಗೆ ಹರಿಯಿತು.

ಗಿರಣಿಗಳೆಲ್ಲ ಪರೇಲ್, ಲಾಲ್‌ಬಾಗ್, ವರಳಿ, ಭಾಯಖಳಾಗಳ ಸುತ್ತಲೇ ಏಕೆ ನೆಲಸಿದವು? ಹಳೆಯ ಮುಂಬಯಿ ದ್ವೀಪದ ದಕ್ಷಿಣದ ತುದಿಯಲ್ಲಿತ್ತು. ಅದರ ಉತ್ತರಕ್ಕಿದ್ದ ಈ ಪ್ರದೇಶದಲ್ಲಿ ನೆಲ ಅಗ್ಗವಾಗಿತ್ತು. ಎರಡು ರೈಲು ಮಾರ್ಗಗಳು ಅದರೊಳಗಿಂದಲೇ ಹಾದುಹೋಗಿದ್ದವು. ಹತ್ತಿ, ಕಲ್ಲಿದ್ದಲುಗಳನ್ನು ತರುವ ಬಂದರೂ ದೂರವಿರಲಿಲ್ಲ. ಸಮುದ್ರದ ತೇವದ ಗಾಳಿಯಲ್ಲಿ ನೂಲು ಸುಲಭವಾಗಿ ಹರಿಯುವುದಿಲ್ಲವಾದ್ದರಿಂದ ಹವೆಯೂ ಈ ಉದ್ಯೋಗಕ್ಕೆ ಅನುಕೂಲವಾಗಿತ್ತು. ಹೀಗೆ ಬೆಳೆದ ಪ್ರದೇಶಕ್ಕೆ ಜನ ಇಟ್ಟ ಹೆಸರೇ 'ಗಿರಣಗಾಂವ್', ಎಂದರೆ ಗಿರಣಿಗಳ ಊರು. ನಾವು ವಿಚಾರಿಸುತ್ತಿರುವ ಫೀನಿಕ್ಸ್ ಗಿರಣಿಯ ಕಂಪನಿ ಇಲ್ಲಿ 1905ರಲ್ಲಿ ಸ್ಥಾಪಿತವಾಯಿತು. ವಂಗಭಂಗದ ವಿರುದ್ಧ ಸ್ವದೇಶೀ ಚಳವಳಿ ಎದ್ದದ್ದೂ, ದೇಶದ ಗಿರಣಿಗಳ ಬಟ್ಟೆಗೆ ಬೇಡಿಕೆ ಹೆಚ್ಚಿದ್ದೂ ಅದೇ ಕಾಲದಲ್ಲಿ.

ಚಾಳಿನ ಬಾಳು

ಗಿರಣಿಗೆ ಹಣ ಹಾಕಿದವರ ಹೆಸರು ದಾಖಲೆಗಳಲ್ಲಿವೆ. ಅದನ್ನು ನಡೆಸಿದ ಕೈಗಳಾದರೋ ಲಕ್ಷಾವಧಿ. ಕೊಂಕಣದ ರತ್ನಾಗಿರಿಯಿಂದ, ಘಟ್ಟದ ಮೇಲಿನ ಸಾತಾರಾ, ಕೊಲ್ಲಾಪುರಗಳಿಂದ ರೈತರ ಮಕ್ಕಳು ಬಂದರು. ತೆಲುಗು ನಾಡಿನಿಂದ ಪದ್ಮಶಾಲಿ ನೇಕಾರರು ಬಂದರು. ಉತ್ತರ ಹಿಂದೂಸ್ಥಾನದಿಂದಲೂ ಜನ ಬಂದರು. ಇವರು ವಾಸಿಸಿದ್ದು ಚಾಳುಗಳಲ್ಲಿ. ಉದ್ದನೆಯ ಪಡಸಾಲೆ, ಅದಕ್ಕೆ ಹೊಂದಿ ಸಾಲಾಗಿ ಒಂದೊಂದೇ ಕೋಣೆ, ಕೊನೆಯಲ್ಲಿ ಎಲ್ಲರಿಗೂ ಸೇರಿ ನಲ್ಲಿ ಮತ್ತು ಪಾಯಖಾನೆ. ಇದು ಚಾಳಿನ ಸ್ವರೂಪ. ಒಂದು ಕೋಣೆಯಲ್ಲಿ ಹತ್ತಾರು ಗಂಡಸರು ಪಾಳಿಯ ಮೇಲೆ ಮಲಗುತ್ತಿದ್ದರು. ಹಗಲು ಪಾಳಿಯವನು ಎದ್ದು ಹೋದ ಚಾಪೆಯ ಮೇಲೆ ರಾತ್ರಿ ಪಾಳಿಯವನು ಬಂದು ಒರಗುತ್ತಿದ್ದನು. ಸರ್ಕಾರದ ವತಿಯಿಂದ 1920ರ ದಶಕದಲ್ಲಿ ಕಟ್ಟಿಸಿದ ಬಿ. ಡಿ. ಡಿ. ಚಾಳುಗಳ ಕೋಣೆ ಕೂಡ 160 ಚದರಡಿಯದು ಮಾತ್ರ.

ಊರಲ್ಲಿ ಹೆಂಡಿರು ಮಕ್ಕಳನ್ನು ಬಿಟ್ಟು ಬಂದವರಿಗೆ ಊಟ ದೊರೆಯುತ್ತಿದ್ದುದು ಖಾನಾವಳಿಗಳಲ್ಲಿ. ಹುಬ್ಬಳ್ಳಿ ಧಾರವಾಡಗಳ ಕಡೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿರಣಗಾಂವಿನಲ್ಲಿ ಇವುಗಳನ್ನು ಹೆಚ್ಚಾಗಿ ನಡೆಸುತ್ತಿದ್ದವರು ಹೆಂಗಸರು. ತಿಂಗಳಿಡೀ ಉಣಿಸಿ, ಸಂಬಳದ ದಿನ ಲೆಕ್ಕ ತೀರಿಸಿಕೊಳ್ಳುವುದು ಅಲ್ಲಿನ ಪದ್ಧತಿ. ಗಿರಣಿ ನಡೆಯುವುದಕ್ಕೆ ಉಗಿಯಂತ್ರ ಎಷ್ಟು ಅವಶ್ಯವೋ ಈ ಹೆಂಗಸರ ಒಲೆಯೂ ಅಷ್ಟೇ ಅವಶ್ಯವಾಗಿತ್ತೆಂದರೆ ಉತ್ಪ್ರೇಕ್ಷೆಯಾಗಲಾರದು.

ಈ ಜನ ದುಡಿಮೆಯೊಂದನ್ನೇ ಮಾಡಿದವರಲ್ಲ. ನಾವೆಲ್ಲ ನಿರಾತಂಕವಾಗಿ ಅನುಭವಿಸುವ ಭಾನುವಾರದ ರಜೆಯ ಹಿಂದೆಯೂ ಇವರ ಪ್ರಯತ್ನವಿದೆ. ಜ್ಯೋತಿಬಾ ಫುಲೆಯವರ ಅನುಯಾಯಿಗಳಾದ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಗಿರಣಿ ಕಾರ್ಮಿಕರ ಸಂಘ ಕಟ್ಟಿ ವಾರದ ರಜೆಗಾಗಿ ಮನವಿ ಸಲ್ಲಿಸಿದರು. 1890ರಲ್ಲಿ ಗಿರಣಿ ಮಾಲಿಕರು ಅದಕ್ಕೆ ಸಮ್ಮತಿಸಿದರು. ಲೋಕಮಾನ್ಯ ತಿಲಕರಿಗೆ 1908ರಲ್ಲಿ ಆರು ವರ್ಷದ ಶಿಕ್ಷೆಯಾದಾಗ ಮುಂಬಯಿಯ ಗಿರಣಿ ಕೂಲಿಕಾರರು ವರ್ಷಕ್ಕೊಂದು ದಿನದಂತೆ ಆರು ದಿನ ಕೆಲಸ ನಿಲ್ಲಿಸಿದರು. ಶಾಹೀರ ಅಣ್ಣಾಭಾವೂ ಸಾಠೆ, ಕವಿ ನಾರಾಯಣ ಸುರ್ವೆ ಮೊದಲಾದವರ ವಾಣಿ ಬೆಳೆದದ್ದು ಈ ಕಾರ್ಮಿಕ ಜೀವನದ ನಡುವೆಯೇ. ಇಂದು ದೇಶವೆಲ್ಲ ಬಲ್ಲ ಲಾಲ್‌ಬಾಗಿನ ಗಣಪತಿ 1934ರಲ್ಲಿ ಪ್ರಾರಂಭವಾದದ್ದೂ ಇದೇ ಪ್ರದೇಶದ ಮೀನುಗಾರರ ಮತ್ತು ಸಣ್ಣ ವ್ಯಾಪಾರಿಗಳ ಹರಕೆಯಿಂದ.

1982ರ ಮುಷ್ಕರ

ಇಂಥ ಊರಿನ ಗಿರಣಿಗಳು ನಿಂತುಹೋದದ್ದು ಹೇಗೆ? 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಕೂಲಿ ಹೆಚ್ಚಬೇಕು, ವರ್ಷಾನುಗಟ್ಟಲೆ 'ಬದಲಿ'ಗಳಾಗಿ ದುಡಿದವರನ್ನು ಕಾಯಂ ಮಾಡಬೇಕು, ತಮಗೆ ಬೇಕಾದ ಸಂಘವನ್ನು ಆರಿಸಿಕೊಳ್ಳುವ ಹಕ್ಕು ತಮಗಿರಬೇಕು ಎಂಬುವು ಅವರ ಮುಖ್ಯ ಬೇಡಿಕೆಗಳು. 1946ರ ಮುಂಬಯಿ ಔದ್ಯೋಗಿಕ ಸಂಬಂಧಗಳ ಕಾಯಿದೆಯ ಮೇರೆಗೆ ಒಂದು ಉದ್ಯಮಕ್ಕೆ ಒಂದೇ ಮನ್ನಣೆಯ ಸಂಘವಿರುತ್ತಿತ್ತು; ಅದರ ಮಾತೇ ಎಲ್ಲರ ಮಾತೆಂದು ಲೆಕ್ಕ. ಕಾರ್ಮಿಕರ ಒಲವು ಒಂದು ಕಡೆ, ಕಾಯಿದೆಯ ಮನ್ನಣೆ ಇನ್ನೊಂದು ಕಡೆ ಆದದ್ದರಿಂದ ಸಂಧಾನದ ದಾರಿಯೇ ಕಟ್ಟಿಹೋಯಿತು. ಮುಷ್ಕರ ಒಂದು ವರ್ಷವನ್ನು ಮೀರಿ ನಡೆಯಿತು. ಅದು ಮುಗಿಯಿತೆಂದು ಯಾರೂ ವಿಧ್ಯುಕ್ತವಾಗಿ ಸಾರಲೇ ಇಲ್ಲ.

ಗಿರಣಿಗಳ ಅವನತಿಗೆ ಈ ಮುಷ್ಕರವೊಂದೇ ಕಾರಣವೆಂದು ಹೇಳುವ ವಾಡಿಕೆಯುಂಟು. ಇದು ಪೂರ್ಣ ಸತ್ಯವಲ್ಲ. ಯಂತ್ರಗಳು ಹಳೆಯವಾಗಿದ್ದವು, ಬಂದ ಲಾಭವನ್ನು ಅನೇಕ ಮಾಲಿಕರು ಗಿರಣಿಗೆ ಮರಳಿ ಹಾಕಿರಲಿಲ್ಲ. ಭಿವಂಡಿಯಂಥ ಊರುಗಳ ವಿದ್ಯುತ್ ಮಗ್ಗಗಳು ಕಡಿಮೆ ಖರ್ಚಿನಲ್ಲಿ ಬಟ್ಟೆ ನೇಯುತ್ತಿದ್ದವು. ಇವೆಲ್ಲಕ್ಕಿಂತ ಮಿಗಿಲಾಗಿ, ಒಂದು ಕಾಲಕ್ಕೆ ಊರ ಹೊರಗಿದ್ದ ಗಿರಣಿಯ ನೆಲ ಈಗ ಊರ ನಡುವಿನ ನೆಲವಾಗಿತ್ತು. ನೆಲದ ಬೆಲೆಯ ಮುಂದೆ ಬಟ್ಟೆಯ ಲಾಭ ತೀರ ಅಲ್ಪವಾಗಿ ಕಾಣತೊಡಗಿತ್ತು. ಮುಷ್ಕರ ಗಿರಣಿಗಳ ಅವನತಿಯನ್ನು ತ್ವರೆಗೊಳಿಸಿತು. ಬೇನೆ ಮೊದಲೇ ಇತ್ತು.

ಒಂದು ಪದದ ಅರ್ಥ

ಇಲ್ಲಿಂದ ಮುಂದಿನದು ನೆಲದ ಕಥೆ. ಗಿರಣಿಗಳ ಒಟ್ಟು ನೆಲ ಸುಮಾರು 600 ಎಕರೆ. ಉಸಿರಾಡಲು ಬಯಲಿಲ್ಲದ ಮುಂಬಯಿಯಲ್ಲಿ ಇಷ್ಟು ನೆಲ ಒಂದೇ ಕಡೆ ಮತ್ತೆ ದೊರೆಯುವಂತಿರಲಿಲ್ಲ. 1991ರ ನಗರಾಭಿವೃದ್ಧಿ ನಿಯಮಗಳಲ್ಲಿ 58ನೆಯ ನಿಯಮವು ಇದಕ್ಕೆ ಒಂದು ಹಂಚಿಕೆಯನ್ನು ವಿಧಿಸಿತು. ಗಿರಣಿಯ ನೆಲವನ್ನು ಬೇರೆ ಉಪಯೋಗಕ್ಕೆ ತರುವಾಗ ಸ್ಥೂಲವಾಗಿ ಮೂರರಲ್ಲೊಂದು ಪಾಲು ಉದ್ಯಾನ, ಆಟದ ಬಯಲುಗಳಿಗಾಗಿ ನಗರಸಭೆಗೆ. ಇನ್ನೊಂದು ಪಾಲು ಸಾಮಾನ್ಯರ ಮನೆಗಳಿಗಾಗಿ ಗೃಹನಿರ್ಮಾಣ ಮಂಡಳಿಗೆ. ಉಳಿದ ಪಾಲು ಮಾಲಿಕರಿಗೆ. ಮೂರು ಮಕ್ಕಳಿಗೆ ಹೊಲ ಹಂಚಿದಂಥ ಸರಳವಾದ ಏರ್ಪಾಡು. 1996ರಲ್ಲಿ ನೇಮಕವಾದ, ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಸಮಿತಿಯು ಗಿರಣಿಗಳ ನೆಲಗಳನ್ನು ಬಿಡಿಬಿಡಿಯಾಗಿ ನೋಡದೆ ಒಟ್ಟುಗೂಡಿಸಿ ಯೋಜಿಸಬೇಕೆಂದೂ ಸಲಹೆ ಮಾಡಿತು.

ಆದರೆ 2001ರಲ್ಲಿ ಈ ನಿಯಮಕ್ಕೆ ತಿದ್ದುಪಡಿಯಾಯಿತು. ಹಂಚಬೇಕಾದದ್ದು ಗಿರಣಿಯ ಇಡೀ ನೆಲವನ್ನಲ್ಲ, ಅದರಲ್ಲಿ ಮೊದಲೇ ಬಯಲಾಗಿದ್ದ 'ತೆರೆದ ನೆಲ'ವನ್ನು ಮಾತ್ರ ಎಂದಾಯಿತು. ಕಟ್ಟಡ ಕೆಡವಿದ ಮೇಲೆ ತೆರವಾಗುವ ನೆಲ ಹಂಚಿಕೆಯೊಳಗೆ ಬಾರದು. ಗಿರಣಿಯ ಆವರಣದಲ್ಲಿ ಬಯಲು ಎಷ್ಟಿದ್ದೀತು? ಬಹುಪಾಲು ಕಟ್ಟಡಗಳೇ. ಹೀಗೆ 'ತೆರೆದ ನೆಲ' ಎಂಬ ಒಂದು ಮಾತಿನ ಅರ್ಥ ಬದಲಾದುದರಿಂದ ಉದ್ಯಾನಗಳಿಗೂ ಮನೆಗಳಿಗೂ ದೊರೆಯಬೇಕಿದ್ದ ಪಾಲು ತೀರ ಕುಗ್ಗಿತು. ಇದನ್ನು ಪ್ರಶ್ನಿಸಿ ಹೂಡಿದ ಅರ್ಜಿಯನ್ನು 2005ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಪುರಸ್ಕರಿಸಿತು. 2006ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ವ್ಯಾಕರಣ ತರಗತಿಯಲ್ಲಿ ಶಬ್ದಾರ್ಥವನ್ನು ಕುರಿತು ಬೇಸರಪಡುವ ನಮ್ಮಂಥ ವಿದ್ಯಾರ್ಥಿಗಳು ಈ ಸಂಗತಿಯನ್ನು ಅವಶ್ಯ ಮನನ ಮಾಡಬೇಕು.

ಮಾಲ್ ಬಂದ ಮೇಲೆ

ಫೀನಿಕ್ಸ್ ಗಿರಣಿಯ ರೂಪಾಂತರ ಒಂದೇ ಸಲಕ್ಕೆ ಆದುದಲ್ಲ. 1990ರ ದಶಕದ ಕೊನೆಯಲ್ಲಿ ಅದರ ಆವರಣದಲ್ಲಿ ಬೌಲಿಂಗ್ ಆಟದ ಮನೆ ಬಂದಿತು. ಆಮೇಲೆ ಅಂಗಡಿಗಳು, ಉಪಾಹಾರ ಗೃಹಗಳು, ಚಿತ್ರಮಂದಿರಗಳು ಒಂದೊಂದಾಗಿ ಬಂದವು. ಕಡೆಗೆ ವಿದೇಶೀ ಹೆಸರಿನ ಬೆಲೆಬಾಳುವ ಸರಕಿನ ಮಳಿಗೆಗಳೂ ಪಂಚತಾರಾ ಹೋಟೆಲೂ ಬಂದವು. ಗ್ರೀಕರ ಪುರಾಣದಲ್ಲಿ ಫೀನಿಕ್ಸ್ ಪಕ್ಷಿ ತನ್ನ ಬೂದಿಯಿಂದಲೇ ಮತ್ತೆ ಹುಟ್ಟುತ್ತದೆಯಂತೆ. ಗಿರಣಿಯ ಮಟ್ಟಿಗೆ ಈ ಹೆಸರು ಸಾರ್ಥಕವಾಯಿತು. ಅದರಲ್ಲಿ ದುಡಿದವರ ಮಟ್ಟಿಗೆ ಹಾಗೆನ್ನಲಾಗದು. ಗಿರಣಿ ಕಾರ್ಮಿಕರಿಗೆ ಮತ್ತು ಅವರ ವಾರಸುದಾರರಿಗೆ ಮನೆ ಕೊಡುವ ಯೋಜನೆಯಲ್ಲಿ 2012ರಲ್ಲಿ ಚೀಟಿ ಎತ್ತಿ 6,925 ಮನೆಗಳನ್ನು ಹಂಚಿದರು; ಅರ್ಜಿದಾರರಾದರೋ ಒಂದು ಲಕ್ಷವನ್ನು ಮೀರಿದ್ದರು.

ಊರಿನ ರಚನೆ ಬದಲಾದಾಗ ಅದರ ದಾರಿಗಳೂ ಬದಲಾಗಬೇಕು. ಗಿರಣಿಯವರು ಚಾಳಿನಿಂದ ಕೆಲಸಕ್ಕೆ ನಡೆದೇ ಹೋಗುತ್ತಿದ್ದರು. ಈಗಿನ ಕಚೇರಿಗಳವರು ದೂರದ ಉಪನಗರಗಳಿಂದ ರೈಲಿನಲ್ಲಿ ಬರುತ್ತಾರೆ. ಆದರೆ ನಿಲ್ದಾಣಗಳ ಕಿರಿದಾದ ಸೇತುವೆಗಳು ಬಹುಕಾಲ ಹಾಗೆಯೇ ಉಳಿದವು. 2017ರ ಸೆಪ್ಟೆಂಬರ್ 29ರಂದು ಸಮೀಪದ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಾಲುಸೇತುವೆಯ ಮೇಲೆ ನೂಕುನುಗ್ಗಲಾಗಿ 23 ಜನ ಮಡಿದರು. ಸರಿಯಾಗಿ ಮೂರು ತಿಂಗಳಿಗೆ, ಡಿಸೆಂಬರ್ 29ರಂದು, ಹತ್ತಿರದ ಕಮಲಾ ಮಿಲ್ಸ್ ಆವರಣದ ಮಾಳಿಗೆಯ ಉಪಾಹಾರ ಗೃಹಗಳಲ್ಲಿ ಬೆಂಕಿ ಬಿದ್ದು 14 ಜನ ಸತ್ತರು. ಎಲ್ಲವನ್ನೂ ಕೂಡಿಸಿ ಯೋಜಿಸಬೇಕೆಂಬ ಸಲಹೆಯ ಬೆಲೆ ಎಷ್ಟೆಂಬುದು ಇಂಥ ದಿನಗಳಲ್ಲಿ ತಿಳಿಯುತ್ತದೆ.

ಉಪಸಂಹಾರ

ಇದು ಮುಂಬಯಿಯ ಕಥೆ, ನಮಗೇನು ಎಂದು ಯಾರಾದರೂ ಕೇಳಬಹುದು. ಬೆಂಗಳೂರಿನ ಮಲ್ಲೇಶ್ವರದಲ್ಲಿ 2010ರಲ್ಲಿ ತೆರೆದ ಮಂತ್ರಿ ಸ್ಕ್ವೇರ್ ಎಂಬ ಮಾಲ್ ನಿಂತಿರುವುದು ಹಿಂದೆ ರಾಜಾ ಮಿಲ್ ಇದ್ದ ನೆಲದಲ್ಲಿಯೇ ಎಂಬುದನ್ನು ಅವರು ನೆನೆಯಲಿ. ಗಿರಣಿ ಹೋಗಿ ಮಳಿಗೆ ಬರುವ ಕ್ರಮ ನಮ್ಮ ನಾಡಿಗೂ ಹೊಸದಲ್ಲ.

ಮಾಲ್ ಕೆಟ್ಟದ್ದೆಂದು ಸಾಧಿಸುವುದು ಈ ಲೇಖನದ ಆಶಯವಲ್ಲ. ಅಲ್ಲಿಯೂ ಸಾವಿರಾರು ಯುವಕ ಯುವತಿಯರು ದಿನವಿಡೀ ನಿಂತು ದುಡಿದು ಅನ್ನ ಸಂಪಾದಿಸುತ್ತಿದ್ದಾರೆ. ಹತ್ತಿ ಗಿರಣಿಗಳು ಶಾಶ್ವತವಾಗಿ ನಡೆಯಬೇಕಿತ್ತೆಂದು ಹೇಳುವುದೂ ವಿವೇಕವಲ್ಲ. ಹೇಳಬೇಕಾದ ಮಾತು ಇಷ್ಟೆ: ಗಿರಣಗಾಂವಿನ ನೆಲಕ್ಕೆ ಬೆಲೆ ಬಂದದ್ದು ಅದು ಬರಿಯ ಮಣ್ಣಾಗಿದ್ದುದರಿಂದಲ್ಲ. ನಾಲ್ಕು ತಲೆಮಾರಿನ ಜನ ಅಲ್ಲಿ ದುಡಿದು, ಉಂಡು, ಹಾಡಿ, ಹೋರಾಡಿ ಅದನ್ನು ಊರನ್ನಾಗಿ ಮಾಡಿದರು. ಆದುದರಿಂದ ಬೆಲೆಯನ್ನು ಹಂಚುವಾಗ ಆ ದುಡಿಮೆಗೂ ಒಂದು ಪಾಲು ಸಲ್ಲಬೇಕಾದದ್ದು ದಾನವಲ್ಲ, ನ್ಯಾಯ. 1991ರ ನಿಯಮ ಈ ನ್ಯಾಯಕ್ಕೆ ಸಮೀಪವಾಗಿತ್ತು. 2001ರ ತಿದ್ದುಪಡಿ ಅದರಿಂದ ದೂರ ಸರಿಯಿತು.

ಫೀನಿಕ್ಸ್‌ನ ಅಂಗಳದಲ್ಲಿ ಚಿಮಣಿಯನ್ನು ಉಳಿಸಿದವರು ಒಳ್ಳೆಯ ಕೆಲಸ ಮಾಡಿದ್ದಾರೆ. ಆದರೆ ಕಲ್ಲು ಇಟ್ಟಿಗೆಗಳು ತಾವಾಗಿ ಮಾತನಾಡವು. ಅವುಗಳ ಕಥೆಯನ್ನು ಓದಿ ಹೇಳುವವರು ಬೇಕು. ನಮ್ಮ ನಮ್ಮ ಊರಿನಲ್ಲಿ ಮುಚ್ಚಿಹೋದ ಗಿರಣಿ, ಜಿನ್ನಿಂಗ್ ಕಾರಖಾನೆ, ಹಳೆಯ ಪೇಟೆಗಳ ವೃತ್ತಾಂತವನ್ನು ಅಲ್ಲಿ ದುಡಿದ ಹಿರಿಯರು ಇರುವಾಗಲೇ ಕೇಳಿ ಬರೆದಿಡುವುದು ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಒದಗಿರುವ ಕೆಲಸ. ಅದಕ್ಕೆ ಬೇಕಾದದ್ದು ಒಂದು ಟಿಪ್ಪಣಿ ಪುಸ್ತಕ ಮತ್ತು ಕೇಳುವ ತಾಳ್ಮೆ.